ಎರಡೂ ದಡಕ್ಕೆ ಬೇಡವಾದ ಆರೋಪಿ

ವಿದೇಶಿ ಪ್ರಕರಣಗಳ ವಿಭಾಗದ ಹಿರಿಯ ಅಭಿಯೋಜಕರಿಗೆ

ಮಾನ್ಯರೇ,

ನಮ್ಮೂರ ಸಂಸ್ಕೃತಿ ಭವನದ ಕಂಪ್ಯೂಟರುಗಳಿಗೆ ಕನ್ನ ಹಾಕಿದವನು ನನ್ನ ಮನೆಯ ಅಂಗಳದಿಂದ ಕಾಣುತ್ತಾನೆ. ಎರಡು ದೇಶಗಳ ಗಡಿಯಾಗಿ ಹರಿಯುವ ಚೂ ಹೊಳೆಯ ಆಚೆ ದಡದಲ್ಲಿ ನೀಲಿ ತಗಡು ಹೊದಿಸಿದ ಮನೆ ಅವನದು. ಬೆಳಿಗ್ಗೆ ಎದ್ದು ಹಸುವಿಗೆ ಹುಲ್ಲು ಹಾಕುತ್ತಾನೆ, ನಲ್ಲಿಯ ಹತ್ತಿರ ನಿಂತು ಹಲ್ಲುಜ್ಜುತ್ತಾನೆ, ಒಮ್ಮೊಮ್ಮೆ ನನ್ನ ಕಡೆ ಕೈಯನ್ನೂ ಎತ್ತುತ್ತಾನೆ. ಆದರೆ ತಾವು ಕಳಿಸಿದ ಉತ್ತರದಲ್ಲಿ ‘ಆರೋಪಿಯ ಇರುವಿಕೆಯನ್ನು ಖಚಿತಪಡಿಸಿಕೊಳ್ಳಲು ಸಾಧ್ಯವಾಗಿಲ್ಲ’ ಎಂದಿದೆ. ದಯವಿಟ್ಟು ಒಮ್ಮೆ ಇಲ್ಲಿಗೆ ಬನ್ನಿ. ಸೇಬಿನ ಮರದ ಕೆಳಗೆ ಕುರ್ಚಿ ಹಾಕಿ, ಚಹಾ ಕೊಟ್ಟು, ಬೆರಳು ಮಾಡಿ ತೋರಿಸುತ್ತೇನೆ.

ಈ ಪತ್ರವನ್ನು ಪತ್ರಿಕೆಗೆ ಕೊಡಲು ನನಗೆ ಆಸೆಯೇನೂ ಇರಲಿಲ್ಲ. ತಮಗೆ ನೇರವಾಗಿ ಬರೆದು ಬರೆದು ಸಾಕಾಯಿತು. ಮೊದಮೊದಲು ಸಿಟ್ಟಿತ್ತು, ಈಗ ಅದೂ ಉಳಿದಿಲ್ಲ. ತಮ್ಮ ಪ್ರತಿಯೊಂದು ಉತ್ತರವೂ ಎಷ್ಟು ವಿನಯದಿಂದ ಕೂಡಿರುತ್ತದೆಂದರೆ, ಓದಿ ಮುಗಿಸುವಷ್ಟರಲ್ಲಿ ತೊಂದರೆಯಾದದ್ದು ತಮಗೋ ನನಗೋ ಎಂಬ ಅನುಮಾನ ಬರುತ್ತದೆ. ಆದ್ದರಿಂದ ನಡೆದದ್ದನ್ನು ಎಲ್ಲರ ಎದುರಿಗೆ ಒಮ್ಮೆ ಹೇಳಿ ಕೈ ತೊಳೆದುಕೊಳ್ಳುತ್ತೇನೆ.

ನಾನು ಈ ಭವನದಲ್ಲಿ ನಿವೃತ್ತಿಯಾಗುವವರೆಗೂ ಕೆಲಸ ಮಾಡಿದವಳು. ಸಾವಿನ ಮನೆಯಲ್ಲಿ ನಮ್ಮ ಹೆಂಗಸರು ಹಾಡುವ ಕೊಶೊಕ್ ಹಾಡುಗಳನ್ನು ಊರೂರು ತಿರುಗಿ ಕ್ಯಾಸೆಟ್ಟಿಗೆ ತುಂಬಿಕೊಂಡು ಬಂದವಳು. ಗಂಡಸರು ಹೊರಗೆ ಕೋಲೂರಿ ನಿಂತು ಗೋಳಾಡುತ್ತಾರೆ. ಹೆಂಗಸರು ಅಂಗಳದಲ್ಲಿ ಕಟ್ಟಿದ ಕಂಬಳಿಯ ಗುಡಾರದ ಒಳಗೆ ಗೋಡೆಯ ಕಡೆ ಮುಖ ಮಾಡಿ ಕುಳಿತು ಹಾಡುತ್ತಾರೆ. ಬದುಕಿಡೀ ಗಂಡನ ಹೆಸರು, ಗಂಡನ ಮನೆಯವರ ಹೆಸರು ಬಾಯಲ್ಲಿ ತರದ ಸೊಸೆಯಂದಿರು ನಮ್ಮವರು. ನನಗೆ ಹಾಡಿಕೊಟ್ಟವರು ಆ ಹಾಡಿನಲ್ಲಿ ಮಾತ್ರ ಹೆಸರು ಹಿಡಿದು ಕರೆದರು, ಬೈದರು, ಎಲ್ಲವನ್ನೂ ಹೇಳಿದರು. ಹಾಡಿದ ಆ ಮುದುಕಿಯರಲ್ಲಿ ಈಗ ಬದುಕಿರುವವರು ಯಾರೂ ಇಲ್ಲ. ಕ್ಯಾಸೆಟ್ಟಿನಲ್ಲಿದ್ದದ್ದೆಲ್ಲ ಕಂಪ್ಯೂಟರಿಗೆ ಏರಿದ ಮೇಲೆ ನೆಲಮಾಳಿಗೆಯ ಹಳೆ ಸಾಮಾನು ತೆರವು ಮಾಡಿ ಎಂಬ ಆದೇಶ ಮೇಲಿನಿಂದ ಬಂತು. ಮೇಲಿನಿಂದ ಬಂದ ಆದೇಶಗಳಲ್ಲಿ ತೆರವು ಮಾಡುವಂಥವು ಮಾತ್ರ ನಮ್ಮಲ್ಲಿ ಬೇಗ ಜಾರಿಯಾಗುತ್ತವೆ. ಇನ್ನೊಂದು ಪ್ರತಿಯಿದ್ದ ಡಿಸ್ಕನ್ನು ಅದೇ ಕಂಪ್ಯೂಟರಿಗೆ ಸದಾ ಸಿಕ್ಕಿಸಿಟ್ಟಿರಬೇಕೆಂಬುದೂ ಮೇಲಿನ ಸೂಚನೆಯೇ. ಹೀಗಾಗಿ ಒಂದು ದಿನ ಬೆಳಿಗ್ಗೆ ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ‘ನಿಮ್ಮ ಕಡತಗಳಿಗೆ ಬೀಗ ಬಿದ್ದಿದೆ, ಹಣ ಕೊಟ್ಟರೆ ಕೀಲಿ’ ಎಂದು ಬಂದಾಗ ಡಿಸ್ಕಿನಲ್ಲಿದ್ದದ್ದಕ್ಕೂ ಸೇರಿಯೇ ಬೀಗ ಬಿದ್ದಿತ್ತು. ಕಳೆದುಹೋದದ್ದರ ಮೌಲ್ಯ ಎಷ್ಟು ಎಂದು ತಮ್ಮ ಕಚೇರಿ ಕೇಳಿತ್ತು. ಆ ಜಾಗವನ್ನು ಖಾಲಿ ಬಿಟ್ಟು ಕಳಿಸಿದೆ.

ಬೀಗದ ಹಿಂದೆ ಇರುವವರು ಯಾರೆಂದು ಸ್ವಲ್ಪ ದಿನದಲ್ಲೇ ಊರಿಗೆಲ್ಲ ತಿಳಿಯಿತು. ಯುರೋಪಿನ ಒಂದು ದೇಶದಲ್ಲಿ ಆಸ್ಪತ್ರೆಯೊಂದಕ್ಕೆ ಇದೇ ಗುಂಪು ಬೀಗ ಹಾಕಿತ್ತಂತೆ. ಅಲ್ಲಿನ ಪೊಲೀಸರು ಗುಂಪಿನ ಹೆಸರನ್ನೂ, ಸದಸ್ಯರ ಫೋಟೋಗಳನ್ನೂ ಲೋಕಕ್ಕೆಲ್ಲ ಹಂಚಿದರು. ಅದರಲ್ಲಿ ಒಂದು ಫೋಟೋ ನಮ್ಮ ಉಲಾರನದು. ಅಂಗಡಿಯ ಕಾಲಿಚಾ ಬಂದವರಿಗೆಲ್ಲ ಫೋನು ಹಿಡಿದು ತೋರಿಸಿದಳು.

“ನೋಡ್ರೇ, ನಮ್ ಸಾಲ್ಕಿನಜ್ಜಿ ಹುಡುಗ! ದೇಶ ದೇಶದೋರು ಹುಡುಕ್ತಾವ್ರಂತೆ. ನಮ್ಮನ್ನ ಒಂದ್ ಮಾತು ಕೇಳಿದ್ರೆ ಮನೆ ತೋರಿಸ್ತಿದ್ವಪ್ಪ. ಫೋಟೋ ಮಾತ್ರ ಚೆನ್ನಾಗ್ ಬಂದಿಲ್ಲ, ಕಿವಿ ದೊಡ್ಡದಾಗ್ ಕಾಣ್ತದೆ.”

ಈ ಉಲಾರ್ ಯಾರೆಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ತಮ್ಮ ಕಚೇರಿ ಜಾರಿ ಬಿದ್ದದ್ದು ಇಲ್ಲೇ. ಚೊಚ್ಚಲ ಮಗುವನ್ನು ಅಜ್ಜ ಅಜ್ಜಿಗೆ ಕೊಟ್ಟುಬಿಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ತಾವು ರಾಜಧಾನಿಯವರಾದರೂ ತಮ್ಮ ಮನೆಯಲ್ಲೂ ಅಜ್ಜಿಯನ್ನು ಅಮ್ಮ ಎಂದು ಕರೆದು ಬೆಳೆದವರು ಒಬ್ಬರಾದರೂ ಇದ್ದಾರು. ನಮ್ಮ ನೆರೆಮನೆಯ ಸಾಲ್ಕಿನಜ್ಜಿಯ ಮಗ ಕೆಲಸಕ್ಕೆಂದು ಹೊಳೆ ದಾಟಿ ಆಚೆ ದೇಶದಲ್ಲಿ ನೆಲೆಯಾದ. ಅವನ ಹೆಂಡತಿ ಅನಿಪಾ ಹೆತ್ತ ಮೊದಲ ಮಗ ಉಲಾರ್ ಈ ದಡದಲ್ಲಿ ಅಜ್ಜಿಯ ಮಡಿಲಲ್ಲಿ ಉಳಿದ. ಇಲ್ಲಿನ ಜನನ ದಾಖಲೆಯಲ್ಲಿ ಅವನು ಅಜ್ಜ ಅಜ್ಜಿಯ ಮಗನೆಂದೇ ಬರೆಸಲಾಯಿತು. ಬೆಳೆದ ಮೇಲೆ ಹೆತ್ತವರು ಅವನನ್ನು ಆಚೆಗೆ ಕರೆದುಕೊಂಡು ಹೋಗಿ, ತಮ್ಮ ಮಗನೆಂದು ಬರೆಸಿ, ಅಲ್ಲಿನ ಪೌರತ್ವ ಮಾಡಿಸಿದರು. ಈ ದಡದ ದಾಖಲೆಯನ್ನು ರದ್ದು ಮಾಡಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ರದ್ದು ಮಾಡಿಸುವುದೆಂದರೆ ಅಜ್ಜಿಯ ಹತ್ತಿರ ಹೋಗಿ ‘ಇವನು ನಿನ್ನ ಮಗನಲ್ಲ’ ಎಂದು ಹೇಳಿದ ಹಾಗೆ. ಹಾಗೆ ಹೇಳುವ ಧೈರ್ಯ ನಮ್ಮೂರಲ್ಲಿ ಯಾರಿಗಿದೆ? ಹಾಗಾಗಿ ಇವತ್ತು ಇಲ್ಲೊಬ್ಬ ಉಲಾರ್, ಅಲ್ಲೊಬ್ಬ ಉಲಾರ್; ಬೇರೆ ಬೇರೆ ತಂದೆ ತಾಯಿ, ಬೇರೆ ಬೇರೆ ದೇಶ. ಮನುಷ್ಯ ಮಾತ್ರ ಒಬ್ಬನೇ, ಅಜ್ಜಿಯನ್ನು ಅಮ್ಮ, ಹೆತ್ತ ತಾಯಿಯನ್ನು ಅಕ್ಕ ಎಂದು ಕರೆಯುತ್ತಾನೆ.

ಕಳೆದ ಶರತ್ಕಾಲದಲ್ಲಿ, ಸಕ್ಕರೆ ಬೀಟ್ ಗೆಡ್ಡೆ ಕೀಳುವ ಹೊತ್ತಿಗೆ, ಸಾಲ್ಕಿನಜ್ಜಿ ತೀರಿಕೊಂಡರು.

ಸುದ್ದಿ ತಿಳಿದ ಕೂಡಲೇ ಅನಿಪಾ ನನ್ನ ಹತ್ತಿರ ಓಡಿ ಬಂದಳು. ಅಜ್ಜಿ ತನ್ನ ಗಂಡ ಸತ್ತಾಗ ಹಾಡಿದ ಕೊಶೊಕ್ ನಮ್ಮ ಭವನದಲ್ಲಿತ್ತು. ಈ ಕಣಿವೆಯಲ್ಲಿ ಅಂಥ ಹಾಡು ಇನ್ನೊಂದಿಲ್ಲ. ಎಳೆಯದರಲ್ಲೇ ಕೈತಪ್ಪಿಹೋದ ತನ್ನ ಕೂಸುಗಳನ್ನು ಒಂದೊಂದಾಗಿ ಹೆಸರು ಹಿಡಿದು ಅದರಲ್ಲಿ ಕರೆದಿದ್ದರು. ಆ ಹೆಸರುಗಳನ್ನು ಅವರು ಮತ್ತೆಂದೂ ಎತ್ತಲಿಲ್ಲ, ಬೇರೆ ಯಾರಿಗೂ ಅವು ಗೊತ್ತಿಲ್ಲ, ಕ್ಯಾಸೆಟ್ಟಿಗೆ ತುಂಬಿಕೊಂಡ ನನಗೂ ನೆನಪಿಲ್ಲ.

“ಬುರುಲಕ್ಕಾ, ಅತ್ತೆ ಹಾಡಿದ್ದನ್ನ ಒಂದ್ಸಲ ಕೇಳಿಸಿ. ಮೊದಲಿನ ಸಾಲು ನಂಗೆ ಬರುತ್ತೆ, ಮುಂದಿಂದು ಮರ್ತೋಗಿದೆ. ಅವ್ರನ್ನ ಅವ್ರ ಹಾಡಲ್ಲೇ ಕಳಿಸ್ತೀನಿ. ಮಕ್ಕಳ ಹೆಸರು ಕೇಳದೇನೇ ಹೋಗ್ಬಾರ್ದು ಅವರು.”

“ಬೀಗ ಬಿದ್ದಿದೆ ಕಣೇ ಅನಿಪಾ.”

“ತೆಗೆಸ್ರಕ್ಕಾ. ಯಾರನ್ನ ಕೇಳ್ಬೇಕು ಹೇಳಿ, ನಾನೇ ಕಾಲಿಗ್ ಬೀಳ್ತೀನಿ.”

ಯಾರ ಕಾಲಿಗೆ ಎಂದು ಹೇಳಲಿ? ಆ ಹೊತ್ತಿನಲ್ಲಿ ಅವಳ ಮಗ ಅಂಗಳದಲ್ಲಿ ಗುಡಾರದ ಕಂಬಳಿ ಎಳೆದು ಕಟ್ಟುತ್ತಿದ್ದ. ನಾನು ಅವನ ಕಡೆ ನೋಡಿದೆ. ಫೋಟೋ ಅವಳೂ ನೋಡಿದ್ದವಳೇ. ಅವಳಿಗೆ ಅರ್ಥವಾಯಿತು, ಒಳಗೆ ಹೋದಳು.

ಆ ದಿನವೇ ನಮ್ಮ ಜಿಲ್ಲೆಯ ತನಿಖಾಧಿಕಾರಿ ಮೆದೆತ್ ಉಲಾರನನ್ನು ಹಿಡಿಯಲು ಬಂದ. ಒಳ್ಳೆಯ ಹುಡುಗ, ಕರ್ತವ್ಯಕ್ಕೇ ಬಂದಿದ್ದ. ಆದರೆ ಸಾವಿನ ಮನೆಗೆ ಬಾಯಿ ಮುಚ್ಚಿಕೊಂಡು ಬರುವ ಗಂಡಸು ನಮ್ಮಲ್ಲಿಲ್ಲ. ಸಮವಸ್ತ್ರದಲ್ಲಿದ್ದರೂ ಮೆದೆತ್ ಗೇಟಿನಿಂದಲೇ “ಅಯ್ಯೋ ನನ್ನ ತಾಯೀ, ನನ್ನ ಬೆಟ್ಟದಂಥ ತಾಯೀ” ಎಂದು ದೊಡ್ಡ ದನಿಯಲ್ಲಿ ಗೋಳಿಡುತ್ತಾ ಬಂದ. ಅಜ್ಜಿಯ ಕೈಯ ರೊಟ್ಟಿ ತಿಂದು ಬೆಳೆದವನು, ಅಳು ಸುಳ್ಳಲ್ಲ. ಮನೆಯ ಮಗನಾಗಿ ಸೊಂಟಕ್ಕೆ ಪಟ್ಟಿ ಕಟ್ಟಿ ಕೋಲೂರಿ ಎಲ್ಲರಿಗಿಂತ ಮುಂದೆ ನಿಂತಿದ್ದವನು ಉಲಾರ್. ಬಂದವರು ಮೊದಲು ಅಪ್ಪಿಕೊಳ್ಳಬೇಕಾದದ್ದು ಅವನನ್ನೇ. ಮೆದೆತ್ ಅಪ್ಪಿಕೊಂಡ, ಇಬ್ಬರೂ ಭುಜಕ್ಕೆ ತಲೆಯಿಟ್ಟು ಅತ್ತರು. ಆಮೇಲೆ ಯಾರೋ ಮೆದೆತನ ಕೈಗೂ ಒಂದು ಕೋಲು ಕೊಟ್ಟರು. ಕಾನೂನು ಮತ್ತು ಅಪರಾಧ ಅಕ್ಕಪಕ್ಕದಲ್ಲಿ ಕೋಲೂರಿ ನಿಂತು ಬಂದವರನ್ನೆಲ್ಲ ಸ್ವಾಗತಿಸಿದವು. ತಮಗೆ ಇದು ನಗೆಪಾಟಲು ಅನ್ನಿಸಬಹುದು. ನಮ್ಮ ಕಡೆಯಿಂದ ಆದ ತಪ್ಪು ಇದೊಂದೇ, ಮತ್ತು ಇದನ್ನು ನಾವು ಮತ್ತೊಮ್ಮೆಯೂ ಮಾಡುತ್ತೇವೆ.

ಗುಡಾರದೊಳಗೆ ಅನಿಪಾ ಹಾಡಲು ಶುರು ಮಾಡಿದಳು. ನಾನು ಪಕ್ಕದಲ್ಲೇ ಇದ್ದೆ.

ಕಣಿವೆಗೆ ಇಳಿವಾಗ ಕುದುರೆಯ ಮೇಲೆ ನೀನಿದ್ದೆ,
ಏರುವ ಹೊತ್ತಿಗೆ ಬರಿ ಜೀನು ಬಂತು.
ತೊಟ್ಟಿಲ ಕಟ್ಟಿದ್ದೆ, ತೊಟ್ಟಿಲ ಬಿಚ್ಚಿದ್ದೆ,
ಕೂಸಿನ ಹೆಸರನ್ನು—

ಅಲ್ಲಿಗೆ ನಿಂತಳು. ಮತ್ತೆ ಮೊದಲಿನಿಂದ ಎತ್ತಿಕೊಂಡಳು, ಮತ್ತೆ ಅಲ್ಲಿಯೇ ನಿಂತಳು. ಕೊಶೊಕ್ ನಡುವೆ ನಿಲ್ಲುವುದನ್ನು ನಾನು ನನ್ನ ಆಯುಷ್ಯದಲ್ಲಿ ಕೇಳಿರಲಿಲ್ಲ. ಒಳಗಿನ ಹಾಡು ನಿಂತದ್ದರಿಂದ ಹೊರಗಿನ ಗಂಡಸರ ಗೋಳೂ ನಿಂತಿತು. ಬೇಲಿಗೆ ಕಟ್ಟಿದ್ದ ಕುದುರೆಗಳು ಕಾಲು ಬದಲಿಸುವ ಸದ್ದು ಕೇಳುತ್ತಿತ್ತು. ಕೊನೆಗೆ ಬೇರೆ ಯಾರೋ ತಮಗೆ ಬಂದದ್ದನ್ನು ಹಾಡಿ ಮರ್ಯಾದೆ ಉಳಿಸಿದರು.

ಮಣ್ಣಾದ ಮೇಲೆ ಮೆದೆತ್ ಬೇಲಿಯ ಪಕ್ಕ ನಿಂತು ತಮ್ಮ ಕಚೇರಿಗೆ ಫೋನು ಮಾಡಿದ. ನಾನು ಅಲ್ಲೇ ಬಾಣಲೆಯ ಮುಂದೆ ಕುಳಿತು ಬೋರ್ಸೋಕ್ ಹಿಟ್ಟಿನ ತುಂಡುಗಳನ್ನು ಕರಿಯುತ್ತಿದ್ದೆ. ಅವನ ಕಡೆಯ ಮಾತೆಲ್ಲ ಕೇಳಿಸಿತು.

“ಸರ್, ಎದುರಿಗೇ ಇದ್ದಾನೆ... ಹೌದು ಸರ್, ಕಣ್ಣಿಗ್ ಕಾಣ್ತಾ ಇದ್ದಾನೆ, ಮಾಂಸ ಬಡಿಸ್ತಾ ಇದ್ದಾನೆ... ಪಾಸ್‌ಪೋರ್ಟಾ? ಎರಡಿದೆ ಸರ್... ಯಾವುದ್ರಲ್ಲಿ ಬಂದ ಅಂದ್ರೆ, ಸೇತುವೆ ಆ ತುದೀಲಿ ಅದು ತೋರಿಸ್ದ, ಈ ತುದೀಲಿ ಇದು ತೋರಿಸ್ದ... ಇಲ್ಲ ಸರ್, ಇಬ್ರಲ್ಲ. ಒಬ್ನೇ... ಇಲ್ಲ, ಅಣ್ಣ ತಮ್ಮ ಅಲ್ಲ ಸರ್. ಒಬ್ನೇ ಸರ್, ಒಬ್ನೇ.”

ಫೋನು ಜೇಬಿಗಿಟ್ಟು ಅವನು ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ಅವನು ಹೇಳಿದ ಪ್ರಕಾರ ತಮ್ಮ ಕಚೇರಿಯ ಅಪ್ಪಣೆ ಹೀಗಿತ್ತು. ಅವನು ವಿದೇಶಿ ಪ್ರಜೆ, ಆದ್ದರಿಂದ ಅವನ ರಾಯಭಾರ ಕಚೇರಿಗೆ ತಿಳಿಸದೆ ಮುಟ್ಟಬೇಡಿ. ಯುರೋಪಿನವರು ಕೇಳಿದರೆ ಅವನು ನಮ್ಮ ಪ್ರಜೆ, ನಮ್ಮ ಪ್ರಜೆಯನ್ನು ಪರದೇಶಕ್ಕೆ ಒಪ್ಪಿಸಲು ಸಂವಿಧಾನ ಬಿಡುವುದಿಲ್ಲ. ಮಾನ್ಯರೇ, ಬಂಧಿಸುವಾಗ ಪರದೇಶಿ, ಒಪ್ಪಿಸುವಾಗ ಸ್ವದೇಶಿ. ಇಷ್ಟು ಸೌಕರ್ಯವಾದ ಪೌರತ್ವ ನಮ್ಮಂಥ ತೆರಿಗೆ ಕಟ್ಟುವವರಿಗೆ ಎಲ್ಲಿ ಸಿಗುತ್ತದೆ, ಸ್ವಲ್ಪ ತಿಳಿಸುವಿರಾ?

ಊಟಕ್ಕೆ ಮೊದಲು ಅತಿಥಿಗಳ ಕೈಗೆ ನೀರು ಹುಯ್ಯುವುದು ಮನೆಯ ಹುಡುಗರ ಕೆಲಸ. ತಾಮ್ರದ ಹೂಜಿ ಹಿಡಿದು ಉಲಾರ್ ನನ್ನ ಮುಂದೆ ಬಗ್ಗಿದ.

“ಬಿಸಿ ಸಾಕಾ ಬುರುಲಕ್ಕಾ?”

“ಸಾಕು. ಭವನದ ಬೀಗ ನಿಂದೇ ಕೆಲ್ಸ ತಾನೆ?”

ನೀರು ನಿಂತಿತು.

“ಬಾಗಿಲು ತೆಗ್ದಿದ್ದು ನಾನು. ಬೀಗ ಹಾಕೋನು ಬೇರೆ. ನಾನು ಬಲೆ ಬೀಸ್ತೀನಿ ಅಷ್ಟೇ ಅಕ್ಕಾ, ಯಾವೂರು, ಯಾರ ಮನೆ ಅಂತ ನೋಡಕ್ಕೋಗಲ್ಲ. ನೋಡಿದ್ರೆ ಕೈ ಬರಲ್ಲ.”

“ಈಗ ನೋಡು.”

“ಅಮ್ಮನ ಹಾಡು ಅದ್ರಲ್ಲಿದೆ ಅಂತ ದೇವ್ರಾಣೆ ಗೊತ್ತಿರ್ಲಿಲ್ಲ.”

“ಆಸ್ಪತ್ರೇಲಿ ರೋಗಿಗಳು ಇರ್ತಾರೆ ಅಂತಾನೂ ಗೊತ್ತಿರ್ಲಿಲ್ವಾ?”

ತಲೆ ತಗ್ಗಿಸಿ ಮತ್ತೆ ನೀರು ಹುಯ್ದ. ಟವೆಲು ಕೊಡುವಾಗ ಮೆಲ್ಲಗೆ ಹೇಳಿದ. ಕೀಲಿ ಅವನಲ್ಲಿಲ್ಲ. ಬೀಗ ಹಾಕುವವನ ಯಂತ್ರವನ್ನು ಯುರೋಪಿನ ಪೊಲೀಸರು ಜಪ್ತಿ ಮಾಡಿದ್ದಾರೆ, ಎಲ್ಲರ ಕೀಲಿಯೂ ಅದರೊಳಗಿದೆ.

ನಾನು ಆ ಪೊಲೀಸರಿಗೆ ಬರೆದೆ. ವಾರದೊಳಗೆ ಉತ್ತರ ಬಂತು. ನಿಮ್ಮ ಭವನದ ಕೀಲಿ ನಮ್ಮ ಬಳಿ ಇದೆ, ನಿಮ್ಮ ದೇಶದ ಅಭಿಯೋಜಕರು ಪ್ರಕರಣ ದಾಖಲಿಸಿ ಕೇಳಿದ ಕೂಡಲೇ ಕಳಿಸುತ್ತೇವೆ, ಖಾಸಗಿ ವ್ಯಕ್ತಿಗೆ ಕೊಡಲಾಗದು, ಕ್ಷಮಿಸಿ ಎಂದಿದ್ದರು. ಕೊನೆಯಲ್ಲಿ ಅಜ್ಜಿಯ ಸಾವಿಗೆ ಸಂತಾಪವನ್ನೂ ಹೇಳಿದ್ದರು. ತಮ್ಮ ಯಾವ ಪತ್ರದಲ್ಲೂ ಆ ಒಂದು ಸಾಲು ನನಗೆ ಕಂಡಿಲ್ಲ. ಬದಲಿಗೆ ‘ಆರೋಪಿಯ ರಾಷ್ಟ್ರೀಯತೆ ಮತ್ತು ಕೃತ್ಯ ನಡೆದ ಸ್ಥಳ ಇತ್ಯರ್ಥವಾಗುವವರೆಗೆ ಪ್ರಕರಣ ದಾಖಲಿಸಲಾಗದು’ ಎಂಬುದು ಪ್ರತಿ ಸಲವೂ ತಪ್ಪದೆ ಇತ್ತು.

ಇನ್ನು ನಗಬೇಕೋ ಅಳಬೇಕೋ ತಿಳಿಯದ ಭಾಗ. ಅಜ್ಜಿಯ ನಲವತ್ತನೆಯ ದಿನದ ಊಟ ಮುಗಿದ ಮೇಲೆ ಉಲಾರ್ ತನ್ನ ಕಂಪ್ಯೂಟರನ್ನು ಹಿಟ್ಟಿನ ಚೀಲದಲ್ಲಿ ಸುತ್ತಿಕೊಂಡು ಮೆದೆತನ ಠಾಣೆಗೆ ಹೋಗಿ ನಿಂತ. ಮಾಡಿದ್ದನ್ನೆಲ್ಲ ಹೇಳುತ್ತೇನೆ, ಬರೆದುಕೊಳ್ಳಿ ಎಂದ. ಅದು ಪಶ್ಚಾತ್ತಾಪವೋ, ಇಲ್ಲೇ ಶಿಕ್ಷೆಯಾದರೆ ಯುರೋಪಿನ ಜೈಲು ತಪ್ಪುತ್ತದೆಂಬ ಲೆಕ್ಕಾಚಾರವೋ ನನಗೆ ಗೊತ್ತಿಲ್ಲ. ಎರಡೂ ಇರಬಹುದು. ಅವನ ಮೇಲೆ ನನಗೆ ಕರುಣೆ ಉಕ್ಕಿ ಬಂದಿದೆಯೆಂದು ದಯವಿಟ್ಟು ಭಾವಿಸಬೇಡಿ. ಆಸ್ಪತ್ರೆಯ ವಿಷಯ ನೆನಪಾದಾಗಲೆಲ್ಲ ಅವನನ್ನು ಚೂ ಹೊಳೆಯಲ್ಲಿ ಮುಳುಗಿಸಿ ಎತ್ತಬೇಕೆನ್ನಿಸುತ್ತದೆ. ಆದರೆ ಶರಣಾಗಲು ಬಂದವನನ್ನು ಮೆದೆತ್ ತಮ್ಮ ಸೂಚನೆಯಂತೆಯೇ ವಾಪಸು ಕಳಿಸಿದ. ನೀನು ಕೂತು ಮಾಡಿದ್ದು ಆಚೆ ದಡದಲ್ಲಿ, ಅಲ್ಲಿಗೆ ಹೋಗು ಎಂದ. ಆಚೆ ದಡದವರು ಹೇಳಿದರು: ನಮ್ಮ ದೇಶದಲ್ಲಿ ನಿನ್ನಿಂದ ಯಾರಿಗೂ ತೊಂದರೆಯಾಗಿಲ್ಲ, ತೊಂದರೆಯಾದವರು ಕಾಗದ ಕಳಿಸಲಿ. ಆಚೆಯ ಇನ್ನೊಬ್ಬ ಅಧಿಕಾರಿ ಗುಟ್ಟಾಗಿ ಬುದ್ಧಿ ಹೇಳಿದನಂತೆ: ಅಲ್ಲಿಯ ಪಾಸ್‌ಪೋರ್ಟು ಇದೆಯೆಂದು ಒಪ್ಪಿಕೊಂಡರೆ ಇಲ್ಲಿನ ಪೌರತ್ವ ಹೋಗುತ್ತದೆ, ಆಗ ನಿನ್ನನ್ನು ಗಡೀಪಾರು ಮಾಡಬೇಕಾಗುತ್ತದೆ, ಅಲ್ಲಿಯವರು ನಿನ್ನನ್ನು ಪರದೇಶಿ ಎನ್ನುತ್ತಾರೆ, ಸೇತುವೆಯ ಮೇಲೆ ಮನೆ ಮಾಡಿಕೊಳ್ಳುತ್ತೀಯಾ?

ಆದರೂ ಅವನು ಬಿಡದೆ ಓಡಾಡಿದ. ಸೇತುವೆಯ ಕಾವಲಿನವರಿಗೂ ಈಗ ಅಭ್ಯಾಸವಾಗಿದೆ.

“ಏನೋ, ಮತ್ತೆ ಶರಣಾಗಕ್ ಹೊರಟ್ಯಾ?”

“ಹ್ಞೂ ಅಣ್ಣ.”

“ಹೋಗ್ಬಾ. ಹೆಂಗೂ ಸಂಜೆ ವಾಪಸ್ ಕಳಿಸ್ತಾರೆ, ಬರೋವಾಗ ಬಿಸಿ ರೊಟ್ಟಿ ತಗೊಂಬಾ.”

ಕೃತ್ಯ ನಡೆದ ಸ್ಥಳದ ಬಗ್ಗೆ ತಮ್ಮ ಕಚೇರಿ ಬಹಳ ತಲೆ ಕೆಡಿಸಿಕೊಂಡಿದೆ. ಬೆರಳು ಆಡಿದ್ದು ಒಂದು ದೇಶದಲ್ಲಿ, ಬೀಗ ಹಾಕಿದ ಯಂತ್ರ ಇದ್ದದ್ದು ಇನ್ನೊಂದರಲ್ಲಿ, ನಷ್ಟವಾದದ್ದು ಮತ್ತೊಂದರಲ್ಲಿ ಎಂದು ತಾವು ವಿವರಿಸಿದ್ದೀರಿ. ಓದಲು ಚೆನ್ನಾಗಿದೆ. ಹಿಂದೆ ಕುದುರೆ ಕದ್ದವನು ಹೊಳೆ ದಾಟಿದರೆ ಎರಡೂ ದಡದ ಹಿರಿಯರು ಒಂದೇ ಚಾಪೆಯ ಮೇಲೆ ಕೂತು, ಕುದುರೆ ಯಾರದೆಂದು ಮೊದಲು ಕೇಳುತ್ತಿದ್ದರು. ಕಳ್ಳ ಯಾರವನು ಎಂಬುದನ್ನು ಆಮೇಲೆ ವಿಚಾರಿಸುತ್ತಿದ್ದರು. ತಾವು ಕಳ್ಳ ಯಾರವನೆಂಬಲ್ಲೇ ನಿಂತಿದ್ದೀರಿ. ಕಂಪ್ಯೂಟರಿನ ಕಳ್ಳರಿಗೆ ಗಡಿಯೆಂಬುದೇ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅದು ಸುಳ್ಳು. ಅವರಷ್ಟು ಚೆನ್ನಾಗಿ ಗಡಿಯನ್ನು ಬಲ್ಲವರು ಇನ್ನಾರೂ ಇಲ್ಲ. ಯಾವ ದಡದಲ್ಲಿ ನಿಂತರೆ ಯಾವ ಕಾನೂನು ಮುಟ್ಟುವುದಿಲ್ಲ ಎಂಬುದು ಅವರ ಕಸುಬಿನ ಮೊದಲ ಪಾಠ. ಕದಿಯಲಿಕ್ಕೆ ಗಡಿಯಿಲ್ಲ, ಕಂಬಿ ಎಣಿಸಲಿಕ್ಕೆ ಮಾತ್ರ ಇದೆ.

ಸ್ಥಳ ಬೇಕೇ ಬೇಕೆಂದರೆ ನಾನು ಹೇಳುತ್ತೇನೆ, ಬರೆದುಕೊಳ್ಳಿ. ಕೃತ್ಯ ನಡೆದ ಸ್ಥಳ ಸಾಲ್ಕಿನಜ್ಜಿಯ ಅಂಗಳದಲ್ಲಿ ಕಟ್ಟಿದ್ದ ಗುಡಾರದ ಒಳಗೆ, ಗೋಡೆಗೆ ಮುಖ ಮಾಡಿ ಕುಳಿತ ಸೊಸೆಯ ಬಾಯಲ್ಲಿ ಹಾಡು ನಿಂತ ಜಾಗ. ಅದು ನಮ್ಮ ಗಡಿಯ ಒಳಗಿದೆ. ಸಾಕ್ಷಿಗೆ ಊರೇ ಇದೆ, ಸಮವಸ್ತ್ರದಲ್ಲಿದ್ದ ತಮ್ಮ ಇಲಾಖೆಯವನೂ ಇದ್ದಾನೆ.

ಮಾನ್ಯರೇ, ಬೀಟ್ ಕೀಳುವ ಕಾಲ ಮತ್ತೆ ಬರುತ್ತಿದೆ. ಅಜ್ಜಿಯ ವರ್ಷದ ಊಟಕ್ಕೆ ಕಡಿಯಬೇಕಾದ ಕುದುರೆಯನ್ನು ಮೇಯಿಸಿ ಕೊಬ್ಬಿಸಿಯಾಗಿದೆ. ಆ ದಿನ ಹಾಡುವುದೇ ಕೊನೆಯ ಕೊಶೊಕ್. ಅದಾದ ಮೇಲೆ ಹೆಂಗಸರು ಕಪ್ಪು ವಸ್ತ್ರ ತೆಗೆದಿಡುತ್ತಾರೆ, ಸತ್ತವರಿಗಾಗಿ ಯಾರೂ ಹಾಡುವ ಹಾಗಿಲ್ಲ. ಅಷ್ಟರೊಳಗೆ ಕೀಲಿ ಬಾರದಿದ್ದರೆ ಆಮೇಲೆ ಬಂದರೂ ಅದು ನನ್ನಂಥವಳು ಭವನದಲ್ಲಿ ಕೂತು ಕೇಳುವ ಧ್ವನಿ ಮಾತ್ರ. ಆ ಕೂಸುಗಳ ಹೆಸರು ಅಜ್ಜಿಯ ಅಂಗಳದಲ್ಲಿ ಕೂಗಿದ ಹಾಗಾಗುವುದಿಲ್ಲ. ಅನಿಪಾ ಪ್ರತಿ ಶುಕ್ರವಾರ ಸೇತುವೆ ದಾಟಿ ಬರುತ್ತಾಳೆ. ಏನನ್ನೂ ಕೇಳುವುದಿಲ್ಲ. ಚಹಾ ಕುಡಿದು, ನನ್ನ ಮುಖ ನೋಡಿ, ಎದ್ದು ಹೋಗುತ್ತಾಳೆ. ಅವಳು ಕೇಳಿದ್ದರೇ ವಾಸಿಯಿತ್ತು.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಇಬ್ಬರು ಉಲಾರರಲ್ಲಿ ತಮಗೆ ಅನುಕೂಲವಾದ ಒಬ್ಬನ ಮೇಲೆ ಪ್ರಕರಣ ದಾಖಲಿಸಿ. ಸ್ವದೇಶಿಯಾದರೆ ಇಲ್ಲಿ ವಿಚಾರಣೆ ಮಾಡಿ, ಪರದೇಶಿಯಾದರೆ ಕಾಗದಪತ್ರ ಆಚೆ ದಡಕ್ಕೆ ಕಳಿಸಿ ಅಲ್ಲಿ ಮಾಡಿಸಿ. ಯಾವುದಾದರೂ ಸರಿ, ಅವನು ಓಡಿಹೋಗುವುದಿಲ್ಲ, ಆ ಹೊಣೆ ನನ್ನದು. ಪ್ರಕರಣದ ಸಂಖ್ಯೆ ಹುಟ್ಟಿದ ಕೂಡಲೇ ಯುರೋಪಿನವರಿಗೆ ‘ಕೀಲಿ ಕಳಿಸಿ’ ಎಂದು ಒಂದು ಸಾಲು ಬರೆಯಿರಿ. ಸಂತಾಪ ಬೇಡ, ಆ ಒಂದು ಸಾಲು ಸಾಕು.

ಇವತ್ತು ಬೆಳಿಗ್ಗೆಯೂ ನಾನು ಹೊಳೆಯ ಹತ್ತಿರ ಬಾತುಗಳನ್ನು ಬಿಡಲು ಹೋದಾಗ ಅವನು ಆಚೆ ದಡಕ್ಕೆ ಬಂದು, ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ.

“ಬುರುಲಕ್ಕಾ, ನನ್ ಮೇಲೆ ಕೇಸು ಆಯ್ತಾ?”

“ಇಲ್ಲ ಕಣೋ, ಇನ್ನೂ ಇಲ್ಲ!”

“ಮತ್ತೆ ಬರೀರಕ್ಕಾ, ನಂದೂ ಸಹಿ ಹಾಕ್ಕೊಡ್ತೀನಿ!”

ಬರೆದಿದ್ದೇನೆ. ಸಹಿ ಹಾಕಿಸಲು ಈ ಪತ್ರ ಸೇತುವೆ ದಾಟಿ ಹೋಗಿ ಬಂದಿದೆ. ಇದರ ಪೌರತ್ವವನ್ನು ದಾರಿಯಲ್ಲಿ ಯಾರೂ ಕೇಳಲಿಲ್ಲ.

ಇಂತಿ,
ದೂರು ಕೊಟ್ಟು ಸುಸ್ತಾದ ಈ ದಡದ ಪ್ರಜೆ,
ಬುರುಲ್ ತಿಲೆಕ್ ಕೀಜಿ

ಜೊತೆಗೆ,
ತಪ್ಪು ಒಪ್ಪಿಕೊಂಡರೂ ಆರೋಪಿಯಾಗಲು ಇನ್ನೂ ಅನುಮತಿ ಸಿಗದ,
ಸಾಲ್ಕಿನಳ ಮಗ ಉಲಾರ್ (ಈ ದಡ)
ಅನಿಪಾಳ ಮಗ ಉಲಾರ್ (ಆ ದಡ)